ಮೂರನೇ ತಿರುವಿನ ಸೀಟಿ

"ಎಲ್ಲರೂ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರ್ ಮೇಡಂ.

ನಡಿಗೆದಾರರ ಸಂಘದ ತಗಡಿನ ಶೆಡ್ಡಿನಲ್ಲಿ ಐದು ಮಂದಿ ಮರ್ಯಾದಸ್ಥರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಲೆಯಲ್ಲೂ ಇಂಥ ಶಿಕ್ಷೆ ಅನುಭವಿಸಿದವರಲ್ಲ. ಆದರೂ ತಿರುಗಿದರು. ಪೊಲೀಸರ ಮುಂದೆ ಮರ್ಯಾದಸ್ಥರಷ್ಟು ಬೇಗ ಮಾತು ಕೇಳುವವರು ಬೇರೆ ಯಾರೂ ಇಲ್ಲ.

"ಈಗ ನೀವು ಶುರು ಮಾಡಿ," ಎಂದರು ಮೇಡಂ, ಬಾಗಿಲ ಬಳಿ ನಿಂತಿದ್ದ ದರ್ಜಿಗೆ.

ದರ್ಜಿ ಕನ್ನಡಕ ಏರಿಸಿಕೊಂಡ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಅಂಗಡಿಯಿಂದ ಹಾಗೆಯೇ ಎಬ್ಬಿಸಿಕೊಂಡು ಬಂದಿದ್ದರು.

ಈ ಪಾರ್ಕಿನ ಕಾಲುಹಾದಿ ಎರಡು ಅಡಿ ಅಗಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಇಳಿಜಾರು. ಎದುರುಬದುರಾದರೆ ಇಬ್ಬರಲ್ಲಿ ಒಬ್ಬರು ಪೊದೆಗೆ ಬೀಳಬೇಕು. ಆದ್ದರಿಂದ ಹನ್ನೊಂದು ವರ್ಷದ ಹಿಂದೆಯೇ ಸಂಘದವರು ನಿಯಮ ಮಾಡಿ, ಐವತ್ತು ಹೆಜ್ಜೆಗೊಂದು ಬಾಣ ಬಳಿಸಿದ್ದರು: ಎಲ್ಲರೂ ಒಂದೇ ದಿಕ್ಕಿಗೆ, ಗುಡ್ಡವನ್ನು ಬಲಕ್ಕೆ ಇಟ್ಟುಕೊಂಡು. ಇದರ ಪರಿಣಾಮವೇನೆಂದರೆ, ಹನ್ನೊಂದು ವರ್ಷ ಜೊತೆಗೆ ನಡೆದವರು ಹಾದಿಯ ಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಎಲ್ಲರಿಗೂ ಎಲ್ಲರ ಬೆನ್ನು ಮಾತ್ರ ಬಾಯಿಪಾಠ.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಮೂರನೇ ತಿರುವಿನ ಕೆಳಗಿನ ಕೊರಕಲಿನಲ್ಲಿ ಎಲ್ಲರೂ ಸೀಟಿ ಮೇಡಂ ಎಂದು ಕರೆಯುತ್ತಿದ್ದ ನಿವೃತ್ತ ಟೀಚರು ಹೆಣವಾಗಿ ಸಿಕ್ಕಿದ್ದರು. ಆರು ಗಂಟೆಗೆ ಯಾರು ಎಲ್ಲಿದ್ದರು ಎಂದು ಕೇಳಿದರೆ ಐದು ಮಂದಿ ಐದು ಸುಳ್ಳು ಹೇಳಿದ್ದರು. ಬಾಯಿ ಸುಳ್ಳು ಹೇಳಿದರೆ ಬೆನ್ನನ್ನಾದರೂ ಕೇಳೋಣವೆಂದು ಇನ್ಸ್‌ಪೆಕ್ಟರ್ ಮೇಡಂ ದಿನಾ ಇವರ ಹಿಂದೆ ನಡೆಯುವ ದರ್ಜಿಯನ್ನು ಕರೆಸಿ ಈ ಮೆರವಣಿಗೆ ಏರ್ಪಡಿಸಿದ್ದರು.

"ಇದು ಹಲ್ಲಿನ ಡಾಕ್ಟರದು," ದರ್ಜಿ ಮೊದಲ ಬೆನ್ನಿನ ಮುಂದೆ ನಿಂತ. "ಎಡಭುಜ ಅರ್ಧ ಇಂಚು ಇಳಿದಿದೆ. ಬಗ್ಗಿ ಬಗ್ಗಿ ಹಲ್ಲು ಕೀಳ್ತಾರಲ್ಲ, ಅದಕ್ಕೆ. ಸಾರ್, ನಿಮ್ಮ ಅಂಗಿ ಹೊಲಿದವನಿಗೆ ಅದು ಗೊತ್ತಾಗಿಲ್ಲ."

"ಅವರ ಅಂಗಿ ವಿಚಾರ ಬಿಡಿ. ನಿನ್ನೆ ಇದ್ರಾ?"

"ಇದ್ರು. ನನ್ನ ಮುಂದೆ ಇಪ್ಪತ್ತು ಹೆಜ್ಜೆ. ಇದು ನಾಯಿ ಆಂಟಿ, ಇವರೂ ಇದ್ರು. ಇವರಿಬ್ಬರು ಬ್ಯಾಂಕಿನ ಗಂಡ ಹೆಂಡ್ತಿ. ಬೆನ್ನಲ್ಲೇ ಜಗಳ ಆಡ್ತಾರೆ. ನೋಡಿ, ಈಗಲೂ ಆಡ್ತಿದ್ದಾರೆ."

ಬ್ಯಾಂಕಿನ ಎರಡು ಬೆನ್ನುಗಳು ತಟ್ಟನೆ ನೆಟ್ಟಗಾದವು.

ಐದನೆಯದು ಅಧ್ಯಕ್ಷರ ಬೆನ್ನು. ಅವರು ತೆರಿಗೆ ಇಲಾಖೆಯಿಂದ ನಿವೃತ್ತರು. ಬಾಣ ಬಳಿಸಿದವರು ಅವರೇ, ಇಪ್ಪತ್ತೇಳು ನಿಯಮಗಳ ಪುಸ್ತಕ ಬರೆದವರೂ ಅವರೇ. ದರ್ಜಿ ಅಲ್ಲಿ ನಿಂತು ಟೇಪಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದ.

"ಹೇಳಿ."

"ಅಧ್ಯಕ್ಷರ ಬೆನ್ನು ನಿನ್ನೆ ಇರ್ಲಿಲ್ಲ ಮೇಡಂ. ನಿನ್ನೆ ಅಂತಲ್ಲ. ಎರಡು ತಿಂಗಳಾಯ್ತು."

"ನಾನು ವೇಗವಾಗಿ ನಡೀತೀನಿ," ಎಂದರು ಅಧ್ಯಕ್ಷರು, ಗೋಡೆಗೆ. "ಇವರಿಗೆಲ್ಲ ಸಿಗಲ್ಲ."

ಅರವತ್ತೆಂಟರ ಅಧ್ಯಕ್ಷರು ಕಣ್ಣಿಗೆ ಸಿಗದಷ್ಟು ವೇಗವಾಗಿ ನಡೆಯುತ್ತಾರೆಂಬುದನ್ನು ಸಂಘ ಎರಡು ತಿಂಗಳಿಂದ ನಂಬಿಕೊಂಡೇ ಬಂದಿತ್ತು. ದೊಡ್ಡವರ ವಿಷಯದಲ್ಲಿ ಜನ ಅಷ್ಟು ಉದಾರಿಗಳು.

ಇನ್ಸ್‌ಪೆಕ್ಟರ್ ಮೇಡಂ ಗಡಿಯಾರ ನೋಡಿಕೊಂಡರು. ಒಂದೂವರೆ. ನಾಲ್ಕಕ್ಕೆ ಪಾರ್ಕಿನ ಕಾವಲುಗಾರ ಲಾಕಪ್ಪು ಸೇರಿ ಇಪ್ಪತ್ತನಾಲ್ಕು ಗಂಟೆ ತುಂಬುತ್ತದೆ. ಅಷ್ಟರೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಇಲ್ಲವೇ ಮನೆಗೆ ಕಳಿಸಬೇಕು.

ಅವನ ಮೇಲೆ ಇದ್ದದ್ದು ಎರಡೇ ವಿಷಯ. ಮೂರನೇ ತಿರುವಿನಿಂದ ಕವಲೊಡೆಯುವ ಹಳೆಯ ಹಾದಿ ಮಣ್ಣು ಕುಸಿದು ಮುಚ್ಚಿದೆ; ಅದಕ್ಕೆ ಅಡ್ಡ ಹಗ್ಗ ಕಟ್ಟುವುದು ಅವನ ಕೆಲಸ, ನಿನ್ನೆ ಹಗ್ಗ ಬಿಚ್ಚಿ ಬಿದ್ದಿತ್ತು. ಇನ್ನೊಂದು, ಮೊನ್ನೆ ಅವನು ಹತ್ತು ಜನರ ಎದುರಿಗೆ ಸೀಟಿ ಮೇಡಂಗೆ, "ಒಂದಿನ ಆ ಸೀಟಿ ಬಾಯಿ ಮುಚ್ಚಿಸ್ತೀನಿ ನೋಡ್ತಿರಿ," ಎಂದಿದ್ದ. ಹಾಗೆ ಹೇಳಬೇಕೆಂದು ಪಾರ್ಕಿನ ಪ್ರತಿಯೊಬ್ಬರಿಗೂ ಆಸೆಯಿತ್ತು. ಹೇಳಿದವನು ಅವನೊಬ್ಬ.

ನಿನ್ನೆ ಸಂಜೆ ಇನ್ಸ್‌ಪೆಕ್ಟರ್ ಮೇಡಂ ಅವನನ್ನು ಗೇಟಿನಲ್ಲಿ, ಜನರ ನಡುವೆ, ಕಾಲರು ಹಿಡಿದು ಜೀಪಿಗೆ ಹತ್ತಿಸಿದ್ದರು. ಕಾಲರು ಹಿಡಿಯಬೇಕಾಗಿರಲಿಲ್ಲ. ಅವನು ತಾನಾಗಿಯೇ ಬರುತ್ತಿದ್ದ. ಹಿಂದೆ ಅವನ ಹೆಂಡತಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದದ್ದನ್ನು ಮೇಡಂ ಕನ್ನಡಿಯಲ್ಲಿ ನೋಡಿದ್ದರು. ನೋಡಿ, ಬೇರೆ ಕಡೆ ನೋಡಿದ್ದರು.

"ತಿರುಗಿ," ಎಂದರು ಐವರಿಗೂ. "ಒಂದೇ ಪ್ರಶ್ನೆ. ಸೀಟಿ ಮೇಡಂ ನಿನ್ನೆ ಸೀಟಿ ಊದಿದ್ದನ್ನ ಯಾರು ಕೇಳಿದ್ರಿ?"

ಸೀಟಿ ಮೇಡಂ ಶಾಲೆಯಲ್ಲಿ ವ್ಯಾಯಾಮದ ಟೀಚರಾಗಿದ್ದವರು. ನಿವೃತ್ತರಾಗುವಾಗ ಶಾಲೆ ಬಿಟ್ಟರು, ಸೀಟಿ ಬಿಡಲಿಲ್ಲ. ಕಾಗದ ಎಸೆದರೆ ಪೀ, ನಾಯಿಯ ಹಗ್ಗ ಬಿಟ್ಟರೆ ಪೀ. ಮೇಲಿನಿಂದಲೋ ಕೆಳಗಿನಿಂದಲೋ, ಯಾರಿಗೆ ಊದಿದ್ದೆಂದು ಅವರು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರುತ್ತಿರಲಿಲ್ಲ. ಮಾಡಿದವರಿಗೆ ಗೊತ್ತಾಗುತ್ತಿತ್ತು.

ಐವರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

"ನಿಮ್ಮ ಮೇಲೆ ಕೇಸು ಹಾಕಲ್ಲ. ಏನೇ ಮಾಡಿರಿ."

ನಾಯಿ ಆಂಟಿ ಸೆರಗಿನ ತುದಿ ಹಿಡಿದುಕೊಂಡರು. "ನಮ್ಮ ಹುಡುಗ ಆ ದೊಡ್ಡ ಕಲ್ಲಿನ ಹತ್ರ... ಅದು... ಮಾಡ್ಬಿಟ್ಟ. ನಾನು ಚೀಲ ತಂದಿರ್ಲಿಲ್ಲ. ಎಲೆ ಮುಚ್ಚಿ ಹೊರಟೆ, ಅಷ್ಟರಲ್ಲಿ ಸೀಟಿ ಕೇಳಿಸ್ತು. ತಿರುಗಿ ನೋಡ್ಲಿಲ್ಲ."

"ಹುಡುಗ ಅಂದ್ರೆ ನಾಯಿ," ಎಂದು ಹಿರಿಯ ಪೇದೆ ಬರೆದುಕೊಳ್ಳುತ್ತ ಸ್ಪಷ್ಟಪಡಿಸಿದರು.

ಹಲ್ಲಿನ ಡಾಕ್ಟರು ಕೆಮ್ಮಿದರು. "ನಂಗೆ ಸಕ್ಕರೆ ಕಾಯಿಲೆ. ಗೇಟಿನ ತನಕ ತಡೆಯೋಕಾಗಲ್ಲ. ಒಂದು ಮರದ ಹಿಂದೆ..." ನಿಲ್ಲಿಸಿದರು. "ಸೀಟಿ ಕೇಳಿದ ತಕ್ಷಣ ಅರ್ಧಕ್ಕೇ ಬಂದ್ಬಿಟ್ಟೆ."

"ನಾವು ಒಂದು ಗಿಡ ಕಿತ್ವಿ," ಎಂದ ಬ್ಯಾಂಕಿನ ಗಂಡ.

"ನಾವಲ್ಲ, ಇವರು," ಎಂದಳು ಹೆಂಡತಿ.

"ಕುಂಡ ತಂದವಳು ಯಾರು?"

"ಮೇಡಂ," ಹಿರಿಯ ಪೇದೆ ಕಿವಿಯ ಬಳಿ ಬಗ್ಗಿದರು, "ಕೊಲೆಗಾರ ಇನ್ನೂ ಸಿಕ್ಕಿಲ್ಲ. ಸಣ್ಣಪುಟ್ಟ ಕೇಸು ಮಾತ್ರ ಇವತ್ತು ಒಳ್ಳೆ ಬೆಳೆ."

ಮೇಡಂ ನಗಲಿಲ್ಲ. ದರ್ಜಿಯ ಕಡೆ ತಿರುಗಿದರು. "ನೀವು?"

"ನಾನು ರೇಡಿಯೋ ಹಾಕ್ಕೊಂಡು ಹೋಗ್ತಿದ್ದೆ ಮೇಡಂ, ಜೇಬಲ್ಲಿ. ಹಾದಿಯಲ್ಲಿ ಹಾಡು ಕೂಡದು ಅಂತ ಒಂಬತ್ತನೇ ನಿಯಮ. ಸೀಟಿ ಕೇಳ್ತು. ನಂಗೇ ಅಂದ್ಕೊಂಡು ಆರಿಸಿದೆ." ದರ್ಜಿ ಟೇಪನ್ನು ಬೆರಳಿನಿಂದ ಬಿಚ್ಚಿದ. "ಆರಿಸಿದ ಮೇಲೂ ಊದ್ತಾನೇ ಇದ್ರು."

ಶೆಡ್ಡಿನಲ್ಲಿ ತಗಡು ಬಿಸಿಲಿಗೆ ಟಿಕ್ಕೆಂದಿತು.

"ಎಷ್ಟು ಹೊತ್ತು?"

"ನಾನು ಎರಡು ಸುತ್ತು ಹಾಕೋವರೆಗೂ."

"ಎರಡು ಸುತ್ತು ಅಂದ್ರೆ?"

"ಅರ್ಧ ಗಂಟೆ ಆಗುತ್ತೆ. ಬಿಟ್ಟು ಬಿಟ್ಟು ಊದ್ತಿದ್ರು. ಇವತ್ತು ಯಾಕೋ ಬಹಳ ಕೋಪ ಬಂದಿದೆ ಅಂದ್ಕೊಂಡೆ. ಕೊನೆಕೊನೆಗೆ ಸಣ್ಣಗಾಯ್ತು. ಸುಸ್ತಾದ್ರು, ಸದ್ಯ ಬಿಟ್ರು ಅಂತ..." ಅವನ ಬಾಯಿ ಅಲ್ಲಿಯೇ ತೆರೆದುಕೊಂಡು ನಿಂತಿತು. ತಾನು ಹೇಳುತ್ತಿರುವುದೇನೆಂದು ಅವನಿಗೆ ಆಗ ಗೊತ್ತಾಯಿತು.

ಉಳಿದವರಿಗೂ ಗೊತ್ತಾಯಿತು, ಒಬ್ಬರಾದ ಮೇಲೆ ಒಬ್ಬರಿಗೆ. ನಾಯಿ ಆಂಟಿ ಕೈಯಿಂದ ಬಾಯಿ ಮುಚ್ಚಿಕೊಂಡರು.

ಕಾಲು ಮುರಿದು ಕೊರಕಲಿನಲ್ಲಿ ಬಿದ್ದಿದ್ದ ಹೆಂಗಸು ತನ್ನಲ್ಲಿದ್ದ ಒಂದೇ ದಾರಿಯಲ್ಲಿ ಕೂಗಿದ್ದಳು. ಮೇಲೆ ಹದಿನೈದು ಅಡಿ ದೂರದಲ್ಲಿ ಇವರೆಲ್ಲ ಎರಡೆರಡು ಸಲ ಹಾದುಹೋಗಿದ್ದರು, ತಲೆ ತಗ್ಗಿಸಿಕೊಂಡು, ಬೇಗ ಬೇಗ. ಪ್ರತಿಯೊಬ್ಬರೂ ಅದು ತಮಗೇ ಎಂದುಕೊಂಡಿದ್ದರು. ತಪ್ಪು ಮಾಡದವರು ಒಬ್ಬರಾದರೂ ಆ ಹಾದಿಯಲ್ಲಿ ಇದ್ದಿದ್ದರೆ, ಯಾರಿಗೆ ಊದುತ್ತಿದ್ದಾರೆ ಎಂದು ಬಗ್ಗಿ ನೋಡುತ್ತಿದ್ದರು.

ಮೇಡಂ ತಮ್ಮ ಟಿಪ್ಪಣಿ ಪುಸ್ತಕ ಮುಚ್ಚಿದರು. ನಿನ್ನೆಯ ಪುಟದಲ್ಲಿ ಅವರದೇ ಅಕ್ಷರವಿತ್ತು: 'ಮೃತರ ಹಲ್ಲುಗಳ ನಡುವೆ ಸೀಟಿ. ಬಹುಶಃ ಅಭ್ಯಾಸಬಲ.' ಬಿದ್ದ ಮೇಲೆ ನಲವತ್ತು ನಿಮಿಷವಾದರೂ ಜೀವ ಇತ್ತೆಂದು ಶವಪರೀಕ್ಷೆಯ ಡಾಕ್ಟರು ಹೇಳಿದ ಮೇಲೂ ಆ ಸಾಲನ್ನು ಅವರು ಹೊಡೆದುಹಾಕಿರಲಿಲ್ಲ.

"ಹೊರಡಿ ಎಲ್ಲರೂ," ಎಂದರು. "ಅಧ್ಯಕ್ಷರೇ, ನೀವಿರಿ."

ಹೊರಟವರು ಯಾರೂ ಮಾತಾಡಲಿಲ್ಲ. ಬ್ಯಾಂಕಿನ ಗಂಡ ಹೆಂಡಿರು ಕೂಡ.

ಅಧ್ಯಕ್ಷರು ಕುಳಿತದ್ದು ಎತ್ತರದ ಸ್ಟೂಲಿನ ಮೇಲೆ. ಪಕ್ಕದಲ್ಲಿ ತಗ್ಗಿನ ಬೆಂಚು ಖಾಲಿಯಿತ್ತು. ಮೇಜಿನ ಮೇಲಿಂದ ಅವರ ಟೋಪಿ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ನೋಡಿದರು, ಎತ್ತಿಕೊಳ್ಳಲಿಲ್ಲ. ಪೇದೆಯನ್ನು ನೋಡಿದರು.

ಪೇದೆ ಬಗ್ಗಹೋದಾಗ ಮೇಡಂ ಕಣ್ಣಲ್ಲೇ ತಡೆದರು.

"ನೋಡಮ್ಮ," ಅಧ್ಯಕ್ಷರು ಶುರುಮಾಡಿದರು, "ಇದರಲ್ಲಿ ಮುಚ್ಚುಮರೆ ಏನಿದೆ? ಕಾವಲುಗಾರ ಸೋಮಾರಿ. ನಾನೇ ಎರಡು ಸಲ ದೂರು ಬರೆದಿದ್ದೀನಿ. ಹಗ್ಗ ಕಟ್ಟಿದ್ದಿದ್ರೆ ಆ ಹೆಣ್ಣುಮಗಳು ಉಳೀತಿದ್ಲು."

"ಕಟ್ಟಿದ್ದೆ ಅಂತಾನೆ ಅವನು."

"ಎಲ್ಲರೂ ಹಾಗೇ ಅಂತಾರೆ. ನಲವತ್ತು ವರ್ಷ ಸುಳ್ಳು ಲೆಕ್ಕ ನೋಡಿದವನು ನಾನು."

"ನೀವು ಅವರನ್ನ ಕೊನೇ ಸಲ ನೋಡಿದ್ದು?"

"ನಿನ್ನೆನೇ. ಹಾದಿಯಲ್ಲಿ, ದೂರದಿಂದ. ಅವರು ಮುಂದೆ, ನಾನು ಹಿಂದೆ." ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. "ಪಾಪ, ಕನ್ನಡಕ ಬೇರೆ ಒಡೆದಿತ್ತು. ಎಡಗಾಜಿಗೆ ನೀಲಿ ಟೇಪು ಅಂಟಿಸ್ಕೊಂಡು ಬಂದಿದ್ರು. ದಾರಿ ಸರಿಯಾಗಿ ಕಂಡಿರಲಿಕ್ಕಿಲ್ಲ. ಅಂಥಾದ್ರಲ್ಲಿ ಹಗ್ಗವೂ ಇಲ್ಲ ಅಂದ್ರೆ..."

ಹಿರಿಯ ಪೇದೆಯ ಪೆನ್ನು ನಿಂತಿತು.

ಇನ್ಸ್‌ಪೆಕ್ಟರ್ ಮೇಡಂ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕನ್ನಡಕ. ಎಡಗಾಜಿಗೆ ನೀಲಿ ಟೇಪು.

"ಇದು ಹೆಣದ ಮೇಲಿರ್ಲಿಲ್ಲ ಸಾರ್. ಪೊದೆ ಒಳಗಿತ್ತು. ನಿನ್ನೆ ಮಧ್ಯಾಹ್ನ ನಮ್ಮವರು ಹುಡುಕಿ ತೆಗೆದ್ರು. ಯಾರಿಗೂ ತೋರಿಸಿಲ್ಲ. ನಿನ್ನೆ ಬೆಳಿಗ್ಗೆ ಐದಕ್ಕೆ ಸೀಟಿ ಮೇಡಂ ಗೊತ್ತಿಲ್ಲದೆ ಅದರ ಮೇಲೆ ಕೂತ್ಬಿಟ್ರಂತೆ, ಅವರ ಮನೆಯವರು ಹೇಳಿದ್ರು. ಮೊನ್ನೆವರೆಗೂ ಸರಿಯಾಗಿತ್ತು. ಅವರು ಬರೋದು ಮೂಡಣ ಗೇಟಿಂದ, ಒಬ್ಬರೇ. ನೀವು ಪಡುವಣ ಗೇಟು."

ಅಧ್ಯಕ್ಷರು ಕವರನ್ನು ತಮ್ಮಿಂದ ಆಚೆಗೆ ಸರಿಸಿದರು.

"ಹಿಂದಿನಿಂದ ನೋಡಿದವರಿಗೆ ಎಡಗಾಜು ಹೇಗೆ ಕಾಣುತ್ತೆ?"

"ಅವರು... ತಿರುಗಿದ್ರು."

"ಅವರು ತಿರುಗಿದ್ದಲ್ಲ. ನೀವು ಎದುರಿಂದ ಬಂದಿದ್ದು. ನಿಮ್ಮ ಬಾಣಗಳಿಗೆ ವಿರುದ್ಧವಾಗಿ."

ಕೊಲೆಯ ಆರೋಪ ಹೊರಿಸಿದ್ದರೂ ಅಧ್ಯಕ್ಷರ ಮುಖ ಅಷ್ಟು ಕೆಂಪಾಗುತ್ತಿರಲಿಲ್ಲ. ಕಿವಿ, ಕುತ್ತಿಗೆ, ಹಣೆ. ಪೇದೆ ಅಯ್ಯೋ ಎನಿಸಿ ಬೇರೆ ಕಡೆ ನೋಡಿದರು.

"ನಂಗೊಂದು ವಿಷಯ ನಿನ್ನೆಯಿಂದ ಅರ್ಥ ಆಗಿರ್ಲಿಲ್ಲ," ಎಂದರು ಮೇಡಂ. "ಆ ಹಗ್ಗ ಸೊಂಟದ ಎತ್ತರ. ಒಳಗೆ ಹೋಗೋ ಮನಸ್ಸಿದ್ದವರು ಬಗ್ಗಿ ನುಸೀತಾರೆ. ಗಂಟು ಬಿಚ್ಚೋ ಗೋಜು ಯಾರಿಗೆ ಬೇಕು? ಬಗ್ಗೋಕೆ ಆಗದವರಿಗೆ." ಅವರು ಟೋಪಿ ಎತ್ತಿ, ಧೂಳು ಕೊಡವಿ, ಮೇಜಿನ ಮೇಲಿಟ್ಟರು. "ಯಾವ ಮೊಣಕಾಲು?"

ಅಧ್ಯಕ್ಷರು ಟೋಪಿಯನ್ನು ಮಡಿಲಿಗೆ ಎಳೆದುಕೊಂಡರು. "ಎರಡೂ."

ಆಮೇಲೆ ಅವರು ಮಾತಾಡಿದ್ದು ನೆಲದ ಜೊತೆ.

"ಹದಿನಾಲ್ಕನೇ ನಿಯಮ ನಾನೇ ಬರೆದಿದ್ದು. ನಿಧಾನವಾಗಿ ನಡೆಯುವವರು ಪಕ್ಕಕ್ಕೆ ಸರಿದು ನಿಂತು ಹಿಂದಿನವರಿಗೆ ದಾರಿ ಬಿಡತಕ್ಕದ್ದು. ಬರೆದಾಗ ನಾನು ಎಲ್ಲರಿಗಿಂತ ಮುಂದಿದ್ದೆ. ಎರಡು ತಿಂಗಳ ಹಿಂದೆ ಒಂದೇ ಸುತ್ತಲ್ಲಿ ಮೂವತ್ತೆಂಟು ಸಲ ಸರಿದು ನಿಂತೆ, ಎಣಿಸಿದೆ. 'ದಾರಿ ಸಾರ್, ದಾರಿ ಸಾರ್.' ಆ ದರ್ಜಿ ಕೂಡ. ನಾಯಿ ಕೂಡ ನನ್ನ ಕಡೆ ಒಂದು ಥರ ನೋಡ್ತು."

"ಅದಕ್ಕೆ?"

"ಮುಚ್ಚಿದ ಹಾದಿ ಮಟ್ಟಸ. ಯಾರೂ ಬರಲ್ಲ. ಪಡುವಣ ಗೇಟಿಂದ ನೂರು ಹೆಜ್ಜೆ ಉಲ್ಟಾ ನಡೆದ್ರೆ ಮೂರನೇ ತಿರುವು. ಹಗ್ಗ ಬಿಚ್ಚಿ ಒಳಗೆ ಹೋಗಿ, ಮತ್ತೆ ಕಟ್ತಿದ್ದೆ. ಆ ಹುಡುಗ ಕಟ್ಟಿದ ಹಾಗೇ ಗಂಟು ಹಾಕ್ತಿದ್ದೆ. ಅಷ್ಟು ಎಚ್ಚರಿಕೆ." ಕಾವಲುಗಾರ ಈಗ ಅವರ ಬಾಯಲ್ಲಿ ಸೋಮಾರಿಯಾಗಿರಲಿಲ್ಲ, ಹುಡುಗನಾಗಿದ್ದ. "ನಿನ್ನೆ ಗಂಟು ಬಿಚ್ತಾ ಇದ್ದೀನಿ, ಎದುರಿಗೇ ಬಂದ್ಬಿಟ್ಲು. ಮುಖಕ್ಕೆ ಮುಖ. 'ಅಧ್ಯಕ್ಷರೇ, ನೀವಾ?' ಅಂದ್ಲು. ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ."

"ನೀವೇನು ಮಾಡಿದ್ರಿ?"

"ಒಳಗೆ ನುಗ್ಗಿದೆ. ಹಗ್ಗ ಕಟ್ಲಿಲ್ಲ. 'ಅಲ್ಲಿ ಮಣ್ಣು ಸಡಿಲ ಇದೆ ಸಾರ್, ಬನ್ನಿ ಈಚೆಗೆ' ಅಂತ ಹಿಂದೆ ಬಂದ್ಲು. ನಂಗೆ ಬಿದ್ದ ಸದ್ದು ಕೇಳಿಸ್ಲಿಲ್ಲ. ಆಣೆ ಮಾಡಿ ಹೇಳ್ತೀನಿ. ಸೀಟಿ ಕೇಳಿಸ್ತು. ಊದ್ತಾ ಇದ್ಲು, ಊದ್ತಾ ಇದ್ಲು. ಇಡೀ ಪಾರ್ಕಿಗೇ ಕೂಗಿ ಹೇಳ್ತಿದ್ದಾಳೆ ಅಂದ್ಕೊಂಡು..." ಅಧ್ಯಕ್ಷರ ಎರಡು ಅಂಗೈಗಳು ಮೊಣಕಾಲುಗಳನ್ನು ಒತ್ತಿ ಹಿಡಿದಿದ್ದವು. "ಓಡಿದೆನಮ್ಮ. ಎರಡು ವರ್ಷದಿಂದ ಮೆಟ್ಟಿಲು ಹತ್ತಲಾರದವನು ಓಡಿದೆ."

ಅವರು ಅತ್ತಿದ್ದರೆ ಮೇಡಂಗೆ ಸುಲಭವಾಗುತ್ತಿತ್ತು. ಅಳಲಿಲ್ಲ.

"ಆ ಹೊತ್ತಲ್ಲಿ ಕಾವಲುಗಾರ ಎಲ್ಲಿದ್ದ?"

"ಅವನ ಗೂಡು ಖಾಲಿ ಇತ್ತು. ಬರುವಾಗ ನೋಡಿಯೇ ಬಂದಿದ್ದೆ. ಅವನಿದ್ದಿದ್ರೆ ನಾನು ಹಗ್ಗ ಮುಟ್ತಿರ್ಲಿಲ್ಲ. ಎರಡು ತಿಂಗಳಿಂದ ಆರರಿಂದ ಏಳು ಅವನು ಅಲ್ಲಿರಲ್ಲ. ಎಲ್ಲಿಗೆ ಹೋಗ್ತಾನೋ ಗೊತ್ತಿಲ್ಲ. ದೂರು ಕೊಡೋಣ ಅಂದ್ರೆ..." ಒಂದು ಕ್ಷಣ ಅವರ ಮುಖದ ಮೇಲೆ ನಗುವಿನಂಥದ್ದೇನೋ ಬಂದು ಹೋಯಿತು. "ಅವನಿಲ್ಲದ್ದು ನಂಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾರಲ್ಲ."

ಹೇಳಿಕೆಗೆ ಅವರು ಸಹಿ ಹಾಕಿದಾಗ ಮೂರೂ ಕಾಲು.

ಜೀಪಿನಲ್ಲಿ ಪೇದೆ ಕೇಳಿದರು, "ಕಾವಲುಗಾರನಿಗೆ ಏನು ಹೇಳ್ತೀರಿ ಮೇಡಂ?"

"ತಪ್ಪಾಯ್ತು ಅಂತೀನಿ."

"ಹಾಗನ್ನೋ ಪದ್ಧತಿ ಇಲ್ಲ ನಮ್ಮಲ್ಲಿ."

"ಗೊತ್ತು."

ಠಾಣೆಯ ಹೊರಗಿನ ಬೆಂಚಿನಲ್ಲಿ ಕಾವಲುಗಾರನ ಹೆಂಡತಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಜೀಪು ಕಂಡು ಎದ್ದಳು. ಮೇಡಂ ಅವಳ ಮುಂದೆ ನಿಂತರು.

"ನಿಮ್ಮ ಯಜಮಾನರದ್ದು ಏನೂ ತಪ್ಪಿಲ್ಲಮ್ಮ. ಹತ್ತು ನಿಮಿಷ ಕೂತಿರಿ. ಕಳಿಸ್ಕೊಡ್ತೀನಿ."

ಅವಳು ಕೈ ಮುಗಿಯಹೋದಳು. ಡಬ್ಬಿ ಅಡ್ಡ ಬಂತು. ಡಬ್ಬಿಯ ಸಮೇತ ಮುಗಿದಳು. ಮೇಡಂ ಆ ಕೈಗಳ ಕಡೆ ನೋಡಲಾರದೆ ಒಳಗೆ ನಡೆದರು.

ಲಾಕಪ್ಪಿನ ಬಾಗಿಲು ತೆಗೆಸಿದರು. ಕಾವಲುಗಾರ ಮೂಲೆಯಲ್ಲಿ ಗೋಡೆಗೊರಗಿ ಕುಳಿತಿದ್ದ. ಮೂವತ್ತೈದರ ಗಟ್ಟಿ ಆಳು. ಅಂಗಿಯ ಕಾಲರು ಒಂದು ಕಡೆ ಹರಿದಿತ್ತು.

"ಏಳಪ್ಪ," ಎಂದವರು ನಿಲ್ಲಿಸಿ, ತಿದ್ದಿಕೊಂಡರು. ನಿನ್ನೆಯಿಂದ ನೀನು ಎಂದವನನ್ನು ಇವತ್ತು ನೀವು ಎನ್ನಲು ನಾಲಿಗೆ ತಡವರಿಸಿತು. "ಏಳಿ. ಹಗ್ಗ ಬಿಚ್ಚಿದವರು ಯಾರು ಅಂತ ಗೊತ್ತಾಯ್ತು. ನೀವು ಮನೆಗೆ ಹೋಗಬಹುದು. ನಿನ್ನೆ ನಾನು ಮಾಡಿದ್ದು ತಪ್ಪು. ಕಾಲರು ಹಿಡಿದಿದ್ದು ದೊಡ್ಡ ತಪ್ಪು."

ಅವನು ಏಳಲಿಲ್ಲ.

"ನಾನೇ ತಳ್ಳಿದ್ದು ಮೇಡಂ."

"ಏನು?"

"ಸೀಟಿ ಮೇಡಂನ. ನಾನೇ ತಳ್ಳಿದೆ. ರೈಟರ್ ಸಾರ್ ಹತ್ರ ಆಗ್ಲೇ ಬರೆಸಿದ್ದೀನಿ."

ಬಾಗಿಲಲ್ಲಿ ನಿಂತಿದ್ದ ರೈಟರು ಎರಡು ಹಾಳೆ ಎತ್ತಿ ತೋರಿಸಿದರು. "ಅರ್ಧ ಗಂಟೆ ಆಯ್ತು ಮೇಡಂ. ನಾವ್ಯಾರೂ ಮೈ ಮುಟ್ಟಿಲ್ಲ. ತಾನಾಗೇ ಕರೆದು ಬರೆಸಿದ."

"ಅವರನ್ನ ಯಾರೂ ತಳ್ಳಿಲ್ಲ," ಎಂದರು ಮೇಡಂ. "ಮಣ್ಣು ಕುಸಿದು ಬಿದ್ರು. ಅಲ್ಲಿದ್ದವರೇ ಹೇಳಿದ್ದಾರೆ. ಮತ್ತೆ ನೀವು ಪಾರ್ಕಲ್ಲೇ ಇರ್ಲಿಲ್ಲ. ಆರರಿಂದ ಏಳು ನಿಮ್ಮ ಗೂಡು ಖಾಲಿ. ನಿನ್ನೆ ಮಾತ್ರ ಅಲ್ಲ, ಎರಡು ತಿಂಗಳಿಂದ."

ಅಲ್ಲಿಯವರೆಗೆ ಅವನ ಮುಖದಲ್ಲಿ ಭಯ ಇರಲಿಲ್ಲ. ಈಗ ಬಂತು.

"ಅದನ್ನ ಯಾರು ಹೇಳಿದ್ರು?"

"ಎಲ್ಲಿದ್ರಿ?"

ಅವನು ಎದ್ದು ಬಂದು, ತೆರೆದಿದ್ದ ಕಂಬಿಯ ಬಾಗಿಲನ್ನು ಒಳಗಿನಿಂದ ತಾನೇ ಎಳೆದುಕೊಂಡ.

"ಬೀಗ ಹಾಕಿ ಮೇಡಂ. ನಾಲ್ಕಕ್ಕೆ ಕೋರ್ಟಿಗೆ ಕರ್ಕೊಂಡು ಹೋಗಿ. ತಪ್ಪು ಒಪ್ಕೋತೀನಿ. ನಿಮ್ಮ ಕೇಸು ಮುಗಿಯುತ್ತೆ."

"ಹೆಂಡತಿ ಹೊರಗೆ ಕೂತಿದ್ದಾಳೆ ಕಣ್ರೀ!"

"ಅದಕ್ಕೇ ಹೇಳ್ತಿರೋದು." ದನಿ ತಗ್ಗಿತು. "ಗಂಡ ಕೊಲೆಗಾರ ಅಂದ್ರೆ ಅವಳು ಅಳ್ತಾಳೆ. ಅತ್ತು ಹೇಗೋ ಬದುಕ್ತಾಳೆ. ಆ ಒಂದು ಗಂಟೆ ನಾನು ಎಲ್ಲಿ, ಯಾರ ಜೊತೆ ಇರ್ತಿದ್ದೆ ಅಂತ ಗೊತ್ತಾದ್ರೆ ಬದುಕಲ್ಲ."

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷವಿತ್ತು. ಮೇಡಂ ಕಂಬಿಯ ಮೇಲೆ ಕೈಯಿಟ್ಟರು. ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ.

ಬೆನ್ನ ಹಿಂದೆ ಬಾಗಿಲ ಪರದೆ ಸರಿದ ಸದ್ದಾಯಿತು.

"ಹತ್ತು ನಿಮಿಷ ಆಯ್ತಲ್ಲ ಮೇಡಂ," ಎಂದಳು ಹೆಂಡತಿ, ಸಂಕೋಚದಿಂದ ನಗುತ್ತ. "ಏನಂತಾರೆ ಇವರು?"